ಅಕ್ಕಾರು ಅಳಿಸಿದ ಪುಟಗಳು

ಅಕ್ಕಾರು ತೀರಿಕೊಂಡರೆಂದು ನಮ್ಮ ಸಂಪಾದಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದಾಗ, ಅದರ ಕೆಳಗೆ ಬಂದ ಮೊದಲ ಮಾತು ಸಂತಾಪದ್ದಲ್ಲ. "ಉಲ್ಲೇಖ ಇದೆಯೇ?" ಎಂದು ಒಬ್ಬರು ಕೇಳಿದ್ದರು. ಆಮೇಲೆ ನಾಚಿಕೆಯಾಗಿ ಅದನ್ನು ತೆಗೆದುಹಾಕಿದರು. ನನಗೆ ಮೊದಲು ಸಿಟ್ಟು ಬಂತು, ಹಿಂದೆಯೇ ನಗು ಬಂತು. ಅಕ್ಕಾರು ಇದ್ದಿದ್ದರೆ ಕೇಳಿದವರ ಬೆನ್ನು ತಟ್ಟುತ್ತಿದ್ದರು. ಸತ್ತವರು ಸತ್ತಿದ್ದಾರೆ ಎನ್ನಲಿಕ್ಕೂ ಆಧಾರ ಕೇಳುವುದನ್ನು ನಮಗೆಲ್ಲ ಕಲಿಸಿದವರು ಅವರೇ.

ನಾವು ಬರೆಯುವುದು ಅಂತರ್ಜಾಲದ ಕನ್ನಡ ವಿಶ್ವಕೋಶಕ್ಕೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಸಂಬಳವಿಲ್ಲ, ಜಗಳ ಮಾತ್ರ ಬೇಕಾದಷ್ಟು. ಬರೆದದ್ದಕ್ಕೆಲ್ಲ ಪತ್ರಿಕೆಯದೋ ಪುಸ್ತಕದ್ದೋ ಆಧಾರ ಕೊಡಬೇಕು. ಅದನ್ನೇ ನಾವು ಉಲ್ಲೇಖ ಎನ್ನುವುದು. ಕೊಡದಿದ್ದರೆ ಪುಟದ ತಲೆಯ ಮೇಲೆ 'ಅಳಿಸಬೇಕು' ಎಂಬ ಸೂಚನೆ ಬೀಳುತ್ತದೆ. ಒಂದು ವಾರ ಚರ್ಚೆ ನಡೆಯುತ್ತದೆ, ಕೊನೆಗೆ ನಿರ್ವಾಹಕರು ಎನ್ನಿಸಿಕೊಂಡವರು ಉಳಿಸುತ್ತಾರೆ ಇಲ್ಲವೇ ಅಳಿಸುತ್ತಾರೆ. ಗಡಿಯ ಮರಾಠಿ ಸೀಮೆಯಲ್ಲಿರುವ ಗಡಹಿಂಗ್ಲಜದ ಒಂದು ಬಾಡಿಗೆ ಮಾಳಿಗೆಯಲ್ಲಿ ಕುಳಿತು ಅಕ್ಕಾರು ಈ ಕೆಲಸ ಮಾಡುತ್ತಿದ್ದರು. ಉಳಿಸಿದ್ದು ಕಡಿಮೆ.

ಅವರ ಹರೆಯವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದಿತ್ತು. ಹೀಗಾಗಿ ಫೋನ್ ಎತ್ತಿದರೆ ಹಲೋ ಎನ್ನುತ್ತಿರಲಿಲ್ಲ, "ಮಾತಾಡ್ರಿ" ಎನ್ನುತ್ತಿದ್ದರು. ಮೊಬೈಲನ್ನು ಕಿವಿಗೆ ಹಚ್ಚುವ ಮೊದಲು ಸೆರಗಿನಿಂದ ಒರೆಸುವ ಚಾಳಿಯೂ ಅಲ್ಲಿಂದಲೇ ಬಂದದ್ದು. ಮನೆಮಾತು ಕನ್ನಡ, ಕಲಿತದ್ದೆಲ್ಲ ಮರಾಠಿ ಸಾಲೆ. ಕನ್ನಡ ಬರೆಯಲು ಕಲಿತದ್ದು ನಿವೃತ್ತಿಯಾದ ಮೇಲೆ, ತಾವೇ, ಯಾರನ್ನೂ ಕೇಳದೆ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ಕೊಲ್ಹಾಪುರದಲ್ಲಿ, ಕಾಲೇಜೊಂದರ ಕೋಣೆಯಲ್ಲಿ ಹೊಸ ಸಂಪಾದಕರಿಗೆ ತರಬೇತಿ ಇಟ್ಟಿದ್ದಾಗ. ಯುವ ಮುಖಂಡನೊಬ್ಬ ಅಲ್ಲಿಗೆ ಜಗಳಕ್ಕೆಂದೇ ಬಂದಿದ್ದ. ತನ್ನ ಬಗ್ಗೆ ತಾನೇ ಬರೆದುಕೊಂಡ ಉದ್ದನೆಯ ಪುಟವನ್ನು ಅಕ್ಕಾರು ಅಳಿಸಿದ್ದರು. "ಮಾಝಂ ಪಾನ ಕಾ ಕಾಢಲಂ?" ಎಂದು, ನನ್ನ ಪುಟ ಯಾಕೆ ತೆಗೆದಿರಿ ಎಂದು ಮರಾಠಿಯಲ್ಲಿ ಏರಿಬಂದ. ಅಕ್ಕಾರು ಕನ್ನಡಕ ಮೇಲೇರಿಸಿ ಕನ್ನಡದಲ್ಲೇ ಕೇಳಿದರು.

"ನಿಮ್ಮ ಬಗ್ಗೆ ನಿಮ್ಮನ್ನ ಬಿಟ್ಟು ಬ್ಯಾರೆ ಯಾರಾರ ಬರದಾರೇನ್ರಿ?"

"ಬಸ್ ಸ್ಟ್ಯಾಂಡ್ ಮುಂದ ದೊಡ್ಡ ಬ್ಯಾನರ್ ಹಚ್ಯಾರ್ರಿ." ಸಿಟ್ಟಿನಲ್ಲಿ ಆತನಿಗೂ ಕನ್ನಡ ಬಂದುಬಿಟ್ಟಿತು.

"ಅದು ಗಾಳಿಗೆ ಹರೀತೈತಿ. ಹರೀಲಾರದ್ದು ಏನರೆ ಇದ್ರ ತರ್ರಿ, ನಾನ ಕೂತು ಬರೀತೀನಿ."

ನಾವೆಲ್ಲ ನಕ್ಕೆವು. ಅಕ್ಕಾರು ನಗಲಿಲ್ಲ. ನನಗೆ ಆ ಹೆಂಗಸು ಅಂದೇ ಹಿಡಿಸಿಬಿಟ್ಟರು. ಇಚಲಕರಂಜಿಯಲ್ಲಿ ಮಗ್ಗದ ಬಿಡಿಭಾಗ ಮಾರುವ ನನಗೆ ದಿನವಿಡೀ ಸುಳ್ಳು ಹೇಳುವ ಗಿರಾಕಿಗಳೇ ಗಂಟುಬೀಳುತ್ತಾರೆ.

ಆದರೆ ಅವರ ಕೆಲಸದ ರೀತಿಯಲ್ಲಿ ಒಂದು ವಿಚಿತ್ರವಿತ್ತು. ಸತ್ತವರ ಬಗೆಗಿನ ಪುಟವಾಗಿದ್ದರೆ, ಅಳಿಸುವ ಗುಂಡಿ ಒತ್ತುವ ಮೊದಲು ಆ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳುತ್ತಿದ್ದರು. ಹೇಳಿ ಸ್ವಲ್ಪ ತಡೆಯುತ್ತಿದ್ದರು. ಒಂದು ಸಂಜೆ ಫೋನಿನಲ್ಲಿ ನನ್ನೊಡನೆ ಮಾತಾಡುತ್ತಲೇ ನಾಂದಣಿಯ ಒಬ್ಬ ಸಾಲೆ ಮಾಸ್ತರರ ಹೆಸರು ಹೇಳಿದರು. ಆ ಕಡೆಯಿಂದ ದೊಡ್ಡ ದನಿಯಲ್ಲಿ ಯಾರೋ ಗಂಡಸರು "ಹೂಂ" ಎಂದದ್ದು ನನಗೆ ಸ್ಪಷ್ಟ ಕೇಳಿಸಿತು. ಆಮೇಲೆ ಕಂಪ್ಯೂಟರಿನ ಗುಂಡಿ ಒತ್ತಿದ ಸಪ್ಪಳ.

"ಯಾರ್ರೀ ಅಕ್ಕಾರ, ಮನ್ಯಾಗ ಯಾರರೆ ಬಂದಾರೇನು?"

"ಇಲ್ಲ. ಕ್ರಾಸ್ ಕನೆಕ್ಷನ್."

"ಮೊಬೈಲಿನಾಗ ಎಲ್ಲಿ ಕ್ರಾಸ್ ಕನೆಕ್ಷನ್ರೀ?"

ಅವರು ಬೇರೆ ಮಾತು ತೆಗೆದರು. ನಾನೂ ಕೆದಕಲು ಹೋಗಲಿಲ್ಲ, ಯಾಕೆಂದರೆ ಕೇಳಿದರೆ ಹೇಳಿಬಿಡುತ್ತಾರೇನೋ ಎಂಬ ಹೆದರಿಕೆ ಹುಟ್ಟಿತ್ತು.

ನಮ್ಮ ವಿಶ್ವಕೋಶದಲ್ಲಿ ಅಳಿಸಿದ ಪುಟ ಪೂರ್ತಿ ಹೋಗುವುದಿಲ್ಲ. ಓದುಗರ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ, ನಿರ್ವಾಹಕರು ತೆಗೆದು ನೋಡಬಹುದು. ಉಳಿದವರು ಆ ಕಡೆ ತಲೆಹಾಕುತ್ತಿರಲಿಲ್ಲ. ಅಕ್ಕಾರು ಮಾತ್ರ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಅವನ್ನೇ ಓದುತ್ತ ಕೂರುತ್ತಿದ್ದರು. ಎಂಥೆಂಥವರ ಪುಟ! ಯಾರಿಗೂ ಗೊತ್ತಿಲ್ಲದ ಭಜನೆಯವರು, ಒಂದೇ ಕುಸ್ತಿ ಗೆದ್ದ ಪೈಲ್ವಾನರು. ಹೆರಿಗೆಯಲ್ಲಿ ಹೋದ ಹೆಂಡತಿಯ ಬಗ್ಗೆ ಒಬ್ಬಾತ ಒಂದೇ ಸಾಲು ಬರೆದಿದ್ದನಂತೆ: "ಭಾಳ ಛಲೋ ಹಾಡತಿದ್ಲು." ಅಕ್ಕಾರು ಅವರನ್ನೆಲ್ಲ ಅಕ್ಕಪಕ್ಕದ ಮನೆಯವರ ಹಾಗೆ ಬಲ್ಲವರಾಗಿದ್ದರು. ಕೆಳಗಿನ ಮನೆಯ ಮರಾಠಿ ಅಜ್ಜಿ ನನ್ನನ್ನು ಒಮ್ಮೆ ಮೆಟ್ಟಿಲಲ್ಲಿ ತಡೆದು ಹೇಳಿದ್ದಳು, ಮೇಲಿನ ಮನೆಯ ಬಾಯಿ, ಎಂದರೆ ನಮ್ಮ ಅಕ್ಕಾರು, ಇಡೀ ಮಧ್ಯಾಹ್ನ ಯಾರ ಜೋಡಿಯೋ ಮಾತಾಡುತ್ತಾರೆ, ಬಂದವರು ಮೆಟ್ಟಿಲು ಇಳಿದದ್ದು ಮಾತ್ರ ನಾನು ನೋಡಿಲ್ಲ ಎಂದು.

ಪಿತೃಪಕ್ಷದ ಕೊನೆಗೆ ಬರುವ ಸರ್ವಪಿತ್ರಿ ಅಮಾವಾಸ್ಯೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ತಿಥಿ ಗೊತ್ತಿಲ್ಲದವರಿಗೆ, ಹಿಂದೆಮುಂದೆ ಯಾರೂ ಇಲ್ಲದವರಿಗೆ ಅಂದು ಎಡೆ ಇಡುತ್ತಾರೆ. ಅಕ್ಕಾರು ಆ ದಿನ, ಆ ವರ್ಷ ತಮ್ಮ ಕೈಯಿಂದ ಯಾವ ಸತ್ತವರ ಪುಟ ಅಳಿಸಿಹೋಗಿದೆಯೋ ಅವರೆಲ್ಲರಿಗೂ ಒಂದೊಂದು ಎಲೆ ಹಾಕಿ ಬಡಿಸುತ್ತಿದ್ದರು. ಇದನ್ನು ಅವರೇ ನನಗೆ ಹೇಳಿದ್ದು, ಹುಪರಿಯ ಕಥೆ ಹೇಳುವಾಗ.

ಹುಪರಿಯಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಒಬ್ಬ ಕುಶಲಿಗರ ಬಗ್ಗೆ ಯಾರೋ ಪುಟ ಬರೆದಿದ್ದರು. ತೀರಿಕೊಂಡರು ಎಂದೂ ಬರೆದಿದ್ದರು. ಉಲ್ಲೇಖ ಒಂದೂ ಇರಲಿಲ್ಲ. ಅಕ್ಕಾರು ಹೆಸರು ಹೇಳಿದರು. ಎಂದಿನಂತೆ ತಡೆದರು, ಅಂದು ಏನೂ ಕೇಳಿಸಲಿಲ್ಲವಂತೆ. ಅಳಿಸಿದರು. ಅಮಾವಾಸ್ಯೆಗೆ ಎಡೆ ಇಟ್ಟರು. ಕೆಲವು ದಿನಕ್ಕೆ ಆ ಮನೆಯ ಸೊಸೆಯ ಫೋನು ಬಂತು: ನಮ್ಮ ಮಾವನವರು ಗಟ್ಟಿಮುಟ್ಟಾಗಿದ್ದಾರೆ, ಅವರನ್ನು ಸತ್ತರೆಂದು ಹಾಕಿದವರು ಯಾರು? ಅಕ್ಕಾರು ಕ್ಷಮೆ ಕೇಳಲಿಕ್ಕೆ ಬಸ್ಸು ಹತ್ತಿ ಹುಪರಿಗೆ ಹೋದರು. ಮುದುಕರು ಪಡಸಾಲೆಯಲ್ಲಿ ಗೆಜ್ಜೆಗೆ ಮಣಿ ಕೂಡಿಸುತ್ತ ಕುಳಿತಿದ್ದರು. ಇವರು ತಮ್ಮ ಗುರುತು ಹೇಳುವ ಮೊದಲೇ ತಲೆಯೆತ್ತಿ ನೋಡಿ ನಕ್ಕರಂತೆ.

"ಬರ್ರಿ ಬಾಯಾರ. ಅಮಾಸಿ ದಿನ ಹೊಟ್ಟಿ ತುಂಬಾ ಉಣ್ಣಿಸಿದ್ರಿ. ಕುಂಬಳಕಾಯಿ ಪಲ್ಯಾಕ ಉಪ್ಪು ಒಂಚೂರು ಕಡಿಮಿ ಆಗಿತ್ತು ನೋಡ್ರಿ."

ಅಮಾವಾಸ್ಯೆಯಂದು ಮುದುಕರು ಮನೆಯ ತಾಟಿನ ಮುಂದೆ ಕುಳಿತು, ಹೊಟ್ಟೆ ತುಂಬಿದೆ ಎಂದು ಒಂದು ತುತ್ತೂ ಮುಟ್ಟದೆ ಎದ್ದಿದ್ದರಂತೆ. ಅಂದಿನಿಂದ ಮನೆಯ ಊಟ ರುಚಿಸಿರಲಿಲ್ಲ. ಅಕ್ಕಾರು ಇದನ್ನು ಬಸ್ಸಿನ ವೇಳಾಪಟ್ಟಿ ಓದುವ ದನಿಯಲ್ಲಿ ಹೇಳಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಉಲ್ಲೇಖ ಏನ್ರೀ ಇದಕ್ಕ?" ಎಂದೆ.

ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. "ನಾನ ಖುದ್ದ ಕೇಳಿದ್ದು. ಖುದ್ದ ಕೇಳಿದ್ದು ನಮ್ಮ ನಿಯಮದಾಗ ನಡಿಯಂಗಿಲ್ಲ. ಅದಕ್ಕ ಎಲ್ಲೂ ಬರದಿಲ್ಲ."

ಇಂಥವರ ಕೈಗೇ ನನ್ನ ಮಾವನ ಪುಟ ಸಿಕ್ಕಿತು.

ಮಾವ ಎಂದರೆ ನಮ್ಮವ್ವನ ತಮ್ಮ. ಕುರಿ ಕಾಯುವ ಮನೆತನ. ಡೊಳ್ಳಿನ ಪದ ಹೇಳಲು ನಿಂತನೆಂದರೆ ಗಡಿಯ ಎರಡೂ ಕಡೆಯ ಹಳ್ಳಿಗಳು ಎದ್ದು ಬರುತ್ತಿದ್ದವು. ಮಹಾಪೂರ ಬಂದ ವರ್ಷ ಕುರುಂದವಾಡದ ಹತ್ತಿರ ಹೊಳೆದಂಡೆಯಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದ. ಎಲ್ಲ ಕುರಿಗಳನ್ನೂ ಎತ್ತರಕ್ಕೆ ಹೊಡೆದು, ಹಿಂದೆ ಉಳಿದ ಒಂದು ಮರಿಗಾಗಿ ನೀರಿಗೆ ಇಳಿದ. ಕಂಬಳಿ ಸಿಕ್ಕಿತು, ಅವನು ಸಿಗಲಿಲ್ಲ. ಊರವರು ಹೋದ ಎಂದರು. ಅವ್ವ ಒಪ್ಪಲಿಲ್ಲ. ಹೆಣ ಕಾಣದೆ ಎಡೆ ಇಟ್ಟರೆ, ಎಲ್ಲೋ ಬದುಕಿರುವವನನ್ನು ತಾನೇ ಕೈಯಾರೆ ಕಳಿಸಿಕೊಟ್ಟಂತೆ ಎಂದು ಹಟ ಹಿಡಿದಳು. ಪ್ರತಿ ವರ್ಷ ನಮ್ಮ ಮನೆಯಲ್ಲಿ ಎಲ್ಲರಿಗೂ ಎಡೆ ಬೀಳುತ್ತಿತ್ತು, ಅವನಿಗೆ ಇಲ್ಲ.

ನಾನು ಅವನ ಪುಟ ಬರೆದೆ. ಹುಟ್ಟಿದ್ದು ಬರೆದೆ, ಮರಣದ ಜಾಗ ಖಾಲಿ ಬಿಟ್ಟೆ. ಹಾಗೆ ಬಿಟ್ಟ ಪುಟವನ್ನು ನಮ್ಮಲ್ಲಿ 'ಬದುಕಿರುವ ವ್ಯಕ್ತಿಗಳು' ಎಂಬ ವರ್ಗಕ್ಕೆ ಸೇರಿಸುತ್ತೇವೆ, ಅದು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಕಾಣುತ್ತದೆ. ಓದಲು ಬಾರದ ಅವ್ವ ದಿನಾ ಮುಂಜಾನೆ ಚಹಾ ಕುಡಿಯುವಾಗ ನನ್ನ ಮೊಬೈಲು ತೆಗೆಸಿ, ಆ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ಏನ ಬರದೈತಿ, ಓದು" ಎನ್ನುತ್ತಿದ್ದಳು. ನಾನು ಓದುತ್ತಿದ್ದೆ. ಆಮೇಲೆ ಅವಳ ದಿನ ಶುರುವಾಗುತ್ತಿತ್ತು.

ಯಾರೋ ಒಬ್ಬ ಪುಣ್ಯಾತ್ಮ ಬಂದು ಮರಣದ ಜಾಗದಲ್ಲಿ 'ಮಹಾಪೂರದಲ್ಲಿ' ಎಂದು ತುಂಬಿದ. ನಾನು ತೆಗೆದೆ. ಅವನು ಮತ್ತೆ ಹಾಕಿದ. ಹೀಗೇ ಎಳೆದಾಡುತ್ತಿರುವಾಗ ಅಕ್ಕಾರು ಪುಟಕ್ಕೆ ಬೀಗ ಹಾಕಿ, ಅಳಿಸುವ ಚರ್ಚೆಗೆ ಎಳೆದರು. ನನ್ನ ಮಗ್ಗದ ಗೆಳೆಯರು ಹೊಸ ಹೊಸ ಖಾತೆ ತೆರೆದು 'ಇರಲಿ, ಇರಲಿ' ಎಂದು ಬರೆದರು, ಎಲ್ಲರೂ ನಮ್ಮೂರಲ್ಲಿ ಕರೆಂಟು ಹೋಗಿ ಮಗ್ಗ ನಿಂತ ಹೊತ್ತಿಗೇ. ಅಕ್ಕಾರು ನನಗೆ ಫೋನು ಮಾಡಿ, "ನಿಮ್ಮೂರಾಗ ಕರೆಂಟ್ ಬಂತೇನು? ಬಂದಿದ್ರ ಅವರನ್ನ ಮಗ್ಗಕ್ಕ ಕಳಸು" ಎಂದು ಇಟ್ಟುಬಿಟ್ಟರು.

ವಾರ ಕಳೆದ ಮೇಲೆ ಚರ್ಚಾಪುಟದಲ್ಲಿ ಅವರ ತೀರ್ಪು ಬಂತು: "ಈ ವ್ಯಕ್ತಿ ಮೃತರು ಎಂಬುದಕ್ಕೆ ಉಲ್ಲೇಖವಿಲ್ಲ. ಬದುಕಿದ್ದಾರೆ ಎಂಬುದಕ್ಕೂ ಉಲ್ಲೇಖವಿಲ್ಲ. ಬದುಕಿರಬಹುದಾದ ವ್ಯಕ್ತಿಯ ಬಗ್ಗೆ ಆಧಾರವಿಲ್ಲದೆ ಏನೂ ಬರೆಯುವಂತಿಲ್ಲ. ಅಳಿಸಲಾಗಿದೆ." ನನಗೆ ಮೈಯೆಲ್ಲ ಉರಿದುಹೋಯಿತು. ಹಾಡು ಕೇಳಿದ ಹಳ್ಳಿಗಳಿಗೆ ಹಳ್ಳಿಗಳೇ ಇರುವಾಗ ಈ ಹೆಂಗಸಿಗೆ ಕಾಗದದ ಚೂರು ಬೇಕೇ?

ಮರುದಿನ ಅವ್ವ ಮೊಬೈಲು ಹಿಡಿದಾಗ ಪುಟ ಇರಲಿಲ್ಲ. "ಈ ಹೆಸರಿನ ಪುಟ ಇಲ್ಲ" ಎಂದಿತ್ತು. ಸುಳ್ಳು ಹೇಳಬಹುದಿತ್ತು. ಇದ್ದದ್ದನ್ನೇ ಓದಿ ಹೇಳಿದೆ.

"ಅದಾನ ಅಂತ ಬರದಿದ್ದನ್ನ ಅಳಿಸಿದ್ರ, ಇಲ್ಲ ಅಂತ ಆತೇನೋ?" ಎಂದಳು.

"ಹಂಗಲ್ಲವ್ವಾ. ಗೊತ್ತಿಲ್ಲ ಅಂತ ಅಷ್ಟ."

ಅವಳು ಸಮಾಧಾನಪಡಲಿಲ್ಲ. ಹುಪರಿಯ ಕಥೆ ನಾನೇ ಹೇಳಿದ್ದೆನಲ್ಲ, ಅವಳಿಗೆ ಹೊಸ ದಿಗಿಲು ಹತ್ತಿಕೊಂಡಿತು. ಅಳಿಸಿದವರಿಗೆಲ್ಲ ಎಡೆ ಇಡುವ ಹೆಂಗಸು ತನ್ನ ತಮ್ಮನಿಗೂ ಇಟ್ಟುಬಿಟ್ಟರೆ? ಪಿತೃಪಕ್ಷ ಬಂದಂತೆ ನಿದ್ದೆ ಬಿಟ್ಟಳು. ಅಕ್ಕಾರನ್ನು ಬಾಯಿಗೆ ಬಂದಂತೆ ಬೈದಳು. ಅಮಾವಾಸ್ಯೆಯ ಬೆಳಿಗ್ಗೆ ನನ್ನನ್ನು ಹೊರಡಿಸಿದಳು. "ಹೋಗು, ಇಟ್ಟಿದ್ರ ಎತ್ತಿಸು. ಕಾಲು ಬೇಕಾದ್ರೂ ಹಿಡಿ."

ಗಡಹಿಂಗ್ಲಜ ಮುಟ್ಟಿದಾಗ ಬಿಸಿಲು ಏರಿತ್ತು. ಅಕ್ಕಾರ ಮಾಳಿಗೆಯ ಬಾಗಿಲು ತೆರೆದೇ ಇತ್ತು. ಒಳಗಿನ ಕೋಣೆಯಲ್ಲಿ ಗೋಡೆಗುಂಟ ಸಾಲಾಗಿ ಪತ್ರಾವಳಿ ಹಾಸಿದ್ದರು. ಅನ್ನ, ಕಡಬು, ಕುಂಬಳಕಾಯಿ ಪಲ್ಯ, ಬದಿಗೆ ನೀರಿನ ಬಟ್ಟಲು. ಅಷ್ಟು ಬಿಸಿ ಅನ್ನವಿದ್ದ ಕೋಣೆ ತಣ್ಣಗಿತ್ತು. ನೊಣವೊಂದೂ ಇರಲಿಲ್ಲ. ನಾನು ಎಲೆಗಳ ನಡುವೆ ಖಾಲಿ ಕಂಡ ಕಡೆ ಕಾಲಿಡಹೋದೆ. ಅಕ್ಕಾರು ಗಬಕ್ಕನೆ ನನ್ನ ರಟ್ಟೆ ಹಿಡಿದರು.

"ಅಲ್ಲಿ ನಿಂದರಬ್ಯಾಡ ತಮ್ಮಾ. ಕೂತಾರ."

ನಾನು ಎತ್ತಿದ ಕಾಲು ಹಿಂದೆ ತೆಗೆದೆ.

"ನಮ್ಮ ಮಾವನ ಎಲಿ ಯಾವುದ್ರೀ?" ಎಂದೆ.

"ನಿಮ್ಮ ಮಾವಗ ಇಟ್ಟಿಲ್ಲ."

"ಪುಟ ಅಳಿಸೀರಲ್ರೀ?"

"ಅಳಿಸೀನಿ. ಸತ್ತಾನ ಅನ್ನಾಕ ಉಲ್ಲೇಖ ಐತೇನು ನಿನ್ನ ಕಡೆ?"

"ಇಲ್ರೀ."

"ಮತ್ತ ಹೆಂಗ ಇಡ್ಲಿ? ಹುಪರಿ ಆದ ಮ್ಯಾಲೆ ನಾ ಉಲ್ಲೇಖ ಇಲ್ಲದ ಸಾವಿಗೆ ಎಡಿ ಇಡಂಗಿಲ್ಲ. ಅವನ ಹೆಸರನ್ನೂ ಬಾಯಿ ಬಿಟ್ಟು ಅಂದಿಲ್ಲ. ಹಂಗ ಅಳಿಸೀನಿ." ಅವರು ನನ್ನ ರಟ್ಟೆ ಬಿಟ್ಟರು. "ನಿಮ್ಮ ಅವ್ವಾರಿಗೆ ಹೇಳು, ನಾ ಇರೂತನ ಇಡಂಗಿಲ್ಲ ಅಂತ."

ಯಾವ ನಿಯಮಕ್ಕಾಗಿ ಅವರನ್ನು ಶಪಿಸುತ್ತ ಬಂದಿದ್ದೆನೋ ಅದೇ ನಿಯಮ ಅಲ್ಲಿ ನನ್ನ ಮಾವನನ್ನು ಕಾಯುತ್ತ ನಿಂತಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅಕ್ಕಾರಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಅಡಿಗೆಮನೆಯಲ್ಲಿ ಬೇರೆ ತಾಟು ಹಾಕಿ, "ಉಣ್ಣು, ಉಪ್ಪು ನೋಡೇನಿ" ಎಂದರು. ಉಣ್ಣುವಷ್ಟೂ ಹೊತ್ತು ಒಳಗಿನ ಕೋಣೆಯಿಂದ ಬಟ್ಟಲು ಕೆಳಗಿಟ್ಟಂಥ ಸಪ್ಪಳ ಆಗಾಗ ಬರುತ್ತಿತ್ತು. ನಾನು ಆ ಕಡೆ ನೋಡಲಿಲ್ಲ, ಅವರೂ ನೋಡಲಿಲ್ಲ.

ಅವ್ವನಿಗೆ ಬಂದು ಹೇಳಿದೆ. ಅಂದಿನಿಂದ ಬೈಗುಳ ನಿಂತಿತು. ಮುಂಜಾನೆ ಮೊಬೈಲು ಕೇಳುವುದೂ ನಿಂತಿತು. ಬದಲಿಗೆ ಚಹಾ ಕುಡಿಯುತ್ತ, "ಆ ಬಾಯಿ ಆರಾಮ ಅದಾಳೇನು?" ಎಂದು ಕೇಳುತ್ತಿದ್ದಳು. ಅಕ್ಕಾರಿಗೆ ನೆಗಡಿಯಾದರೆ ನಮ್ಮ ಮನೆಯಲ್ಲಿ ಕಳವಳ.

ಈ ವರ್ಷ ಬೇಸಿಗೆಯಲ್ಲಿ ಅಕ್ಕಾರು ಹೋದರು. ಮಧ್ಯಾಹ್ನ ಓದುತ್ತ ಕುಳಿತಲ್ಲೇ, ಮೊಬೈಲು ತೊಡೆಯ ಮೇಲಿತ್ತಂತೆ. ಬೆಳಗಾವಿಯಿಂದ ಅವರ ತಂಗಿಯ ಮಗಳು ಬಂದು ಮುಂದಿನದನ್ನೆಲ್ಲ ಮಾಡಿದಳು. ಹದಿಮೂರನೆಯ ದಿನದ ಕಾರ್ಯ ಮುಗಿದ ಸ್ವಲ್ಪ ದಿನಕ್ಕೆ ಗುಂಪಿನವರೊಬ್ಬರು ಪ್ರೀತಿಯಿಂದ ಅಕ್ಕಾರ ಬಗ್ಗೆಯೇ ಒಂದು ಪುಟ ಬರೆದರು. ಒಳ್ಳೆಯ ಪುಟ, ಉಲ್ಲೇಖ ಮಾತ್ರ ಒಂದೂ ಇಲ್ಲ. ಅವರ ಜಾಗಕ್ಕೆ ನಿರ್ವಾಹಕನಾಗಿ ಬಂದವನು ನಾನು. ಒಂದು ವಾರ ಚರ್ಚೆ ನಡೆಯಿತು, ಎಲ್ಲರೂ ಉಳಿಸಿರಿ ಎಂದರು. ನಾನು ಅಂಗಡಿಯಲ್ಲಿ ಕುಳಿತು, ಗಿರಾಕಿ ಇಲ್ಲದ ಹೊತ್ತು ನೋಡಿ, ಅವರ ಪೂರ್ತಿ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿದೆ. ತಡೆದೆ. ಆಮೇಲೆ ಗುಂಡಿ ಒತ್ತಿದೆ. ಏನು ಕೇಳಿಸಿತು ಎಂದು ಬರೆಯುವುದಿಲ್ಲ, ಖುದ್ದು ಕೇಳಿದ್ದು ನಡೆಯುವುದಿಲ್ಲ. ಉಲ್ಲೇಖವಿಲ್ಲದ ಆ ಹೆಸರನ್ನು ಇಲ್ಲಿಯೂ ಹಾಕದೆ, ಅಕ್ಕಾರು ಎಂದಷ್ಟೇ ಬರೆದಿದ್ದೇನೆ.

ಅಮಾವಾಸ್ಯೆ ಬಂತು. ಅಕ್ಕಾರಿಗೆ ನಮ್ಮ ಮನೆಯಲ್ಲೇ ಎಡೆ ಇಡಬೇಕೆಂದು ನಾನು ಹೇಳುವ ಮೊದಲೇ ಅವ್ವ ಹೇಳಿದಳು. ಆದರೆ ನನಗೆ ಅವಳದೇ ಚಿಂತೆ. ತಾನು ಇರುವ ತನಕ ಎಂದಿದ್ದರು ಅಕ್ಕಾರು. ಈಗ ಅವರಿಲ್ಲ, ಆ ಮಾತಿಗೆ ಆಸರೆಯಿಲ್ಲ. ಅವ್ವ ಎದೆ ಗಟ್ಟಿಮಾಡಿಕೊಂಡು ತಮ್ಮನಿಗೂ ಒಂದು ಎಲೆ ಹಾಕಿಬಿಡುತ್ತಾಳೇನೋ ಎಂದು ನಾನು ಬೆಳಗಿನಿಂದ ಅವಳ ಹಿಂದೆಮುಂದೆಯೇ ಸುಳಿದಾಡಿದೆ. ಅವಳು ನಮ್ಮ ಮನೆಯ ಹಿರಿಯರಿಗೆಲ್ಲ ಬಡಿಸಿದಳು. ಕೊನೆಗೆ, ಸ್ವಲ್ಪ ದೂರಕ್ಕೆ, ಅಕ್ಕಾರಿಗೆ ಬಡಿಸಿದಳು. ಎಂದೂ ಕಾಣದ ಹೆಂಗಸಿನ ಎಲೆಯ ಮುಂದೆ, ಮೊಣಕಾಲು ಹಿಡಿದುಕೊಂಡು, ಮೆಲ್ಲಗೆ ಕುಳಿತಳು.

"ಬಾಯೀ," ಎಂದಳು, "ಉಣ್ಣವ್ವಾ ಮೊದಲ. ಉಂಡು ಆದಮ್ಯಾಲೆ ನಂದೊಂದು ಕೆಲಸ ಐತಿ. ನೀ ಹ್ವಾದ ಕಡೆ ನನ್ನ ತಮ್ಮ ಅದಾನೇನು ನೋಡು. ಎಲ್ಲಾ ಕಡೆ ನೋಡು, ಕುರಿ ಇರೂ ಕಡೆ ನೋಡು. ಇದ್ದ ಅಂದ್ರ ಬಂದು ಹೇಳು, ನಾ ಎಡಿ ಇಡ್ತೀನಿ. ಇಲ್ಲಂದ್ರ ಸುಮ್ಮನಿರು."

ಆಮೇಲೆ ಕಿವಿಯ ಮೇಲಿನ ಸೆರಗು ಸರಿಸಿ, ಆಲಿಸುತ್ತ ಕುಳಿತಳು. ಓಣಿಯ ಮಗ್ಗಗಳೆಲ್ಲ ಅಮಾವಾಸ್ಯೆಗೆ ಬಂದ್ ಇದ್ದವು. ನಾನು ಬಾಗಿಲಲ್ಲಿ ನಿಂತೆ. ಅನ್ನದ ಮೇಲಿನ ಹಬೆ ಆರಿತು. ಬಿಸಿಲು ಎಲೆಯ ತನಕ ಬಂದು, ದಾಟಿ, ಗೋಡೆಗೆ ಏರಿತು. ಯಾರೂ ಏನೂ ಹೇಳಲಿಲ್ಲ.

ಅವ್ವ ಎದ್ದು ನನ್ನ ಮುಖ ನೋಡಿದಳು. ಎಷ್ಟೋ ವರ್ಷದಿಂದ ಅವಳ ಮುಖದಲ್ಲಿ ಅಂಥ ಗೆಲುವು ನಾನು ಕಂಡಿರಲಿಲ್ಲ.

"ಕೇಳಿದೇನು?" ಎಂದಳು. "ನೋಡಿ ಬಂದಾಳ. ಅಲ್ಲಿ ಇಲ್ಲಂತ."